ಹದಿಮೂರನೇ ಕಮಾನಿನ ಹಕ್ಕಳೆ

ಜನವರಿ 12

ಅಪ್ಪಾ,

ಮೂವತ್ತನಾಲ್ಕು ವರ್ಷ ನೀರಿನ ಸದ್ದಿನ ಪಕ್ಕದಲ್ಲೇ ಬದುಕಿ ನಿನ್ನ ಕಿವಿ ಫೋನಿಗೆ ಒಗ್ಗದ ಹಾಗಾಗಿದೆ. ಮೊನ್ನೆ ನಾನು ಕೂಗಿ ಹೇಳಿದ ಸುದ್ದಿ ಇಲ್ಲಿ ಅಕ್ಕಪಕ್ಕದ ಮೂರು ಮನೆಗೆ ಕೇಳಿಸಿತು, ನಿನಗೊಬ್ಬನಿಗೆ ಬಿಟ್ಟು. ಅದಕ್ಕೇ ಈ ಕಾಗದ.

ನನ್ನನ್ನು ನೀರಿನ ಕಚೇರಿಯ ಹಳೇ ಕಾಲುವೆ ವಿಭಾಗಕ್ಕೆ ಹಾಕಿದ್ದಾರೆ. ನಿನ್ನ ಕಾಲುವೆಗೆ! ಕೋಣೆ ಮೂರನೇ ಮಹಡಿಯಲ್ಲಿದೆ. ಒಂದು ಮೇಜು, ಒಂದು ಕುಂಟು ಕುರ್ಚಿ, ಗೋಡೆಯ ಉದ್ದಕ್ಕೂ ಕಾಲುವೆಯ ನಕ್ಷೆ. ಬೆಟ್ಟದ ಬುಗ್ಗೆಯಿಂದ ಇಲ್ಲಿಯ ತೊಟ್ಟಿಯವರೆಗೆ ಹನ್ನೊಂದು ಮೈಲಿ, ಕೊನೆಯಲ್ಲಿ ಇಪ್ಪತ್ತು ಕಮಾನು. ಕಿಟಕಿಯಿಂದ ಬಗ್ಗಿ ನೋಡಿದರೆ ನಿಜವಾದ ಕಮಾನುಗಳೂ ಕಾಣುತ್ತವೆ. ನಾನು ಹುಡುಗಿಯಾಗಿದ್ದಾಗ ಅವು ಊರಾಚೆ ಇದ್ದವು. ಈಗ ಊರು ಅವನ್ನು ದಾಟಿ ಆಚೆ ಹೋಗಿದೆ, ಕಮಾನಿನ ಕೆಳಗೇ ಅಂಗಡಿ, ಮನೆ ಎಲ್ಲ ಆಗಿವೆ.

ಕೆಲಸ ಇದು. ಗುಡ್ಡದ ಬದಿಯ ಹೊಸ ಬಡಾವಣೆಯಲ್ಲಿ ಹನ್ನೆರಡು ಸಾವಿರ ಮನೆ. ನಲ್ಲಿ ಇದೆ, ನೀರಿಲ್ಲ. ವಾರಕ್ಕೆರಡು ಸಲ ಟ್ಯಾಂಕರ್ ಬಂದರೆ ಜನ ಕೊಡಗಳನ್ನು ಹಿಡಿದು ಮುಗಿಬೀಳುತ್ತಾರೆ. ಕಾಲುವೆಯಲ್ಲಿ ಈಗ ಹರಿಯುವುದಕ್ಕಿಂತ ಕಾಲು ಭಾಗ ಹೆಚ್ಚು ನೀರು ಹರಿಸಬಹುದು ಎಂದು ನಾನು ಲೆಕ್ಕ ಹಾಕಿ ತೋರಿಸಿದ್ದೇನೆ. ಪಂಪು ಬೇಡ, ಹೊಸ ಪೈಪು ಬೇಡ. ಜೂನ್ ಒಂದಕ್ಕೆ ಬಡಾವಣೆಗೆ ನೀರು ಕೊಡಬೇಕು.

ಕಾಲುವೆಯ ಮೇಲೆ ಚಪ್ಪಡಿ ಮುಚ್ಚಿರುವುದರಿಂದ ಒಳಗಿನ ಅಗಲ ಎಷ್ಟೆಂದು ತಿಳಿಯಲು ಕಾವಲುಗಾರರ ರಿಜಿಸ್ಟರೇ ಗತಿ. ನಿನ್ನ ಪಾಲಿನ ರಿಜಿಸ್ಟರುಗಳನ್ನು ಕಳಿಸು. ನಾನು ಅಂಕಿ ಕಲಿತದ್ದೇ ಅವುಗಳಲ್ಲಿ. ಇಲ್ಲಿ ಎಲ್ಲರಿಗೂ ನಿನ್ನ ವಿಷಯ ಗೊತ್ತು: ಒಂದು ಹನಿಯೂ ಸೋರದ ಕಾವಲುಗಾರ, ಅವನ ಪಾಲಿನಲ್ಲಿ ಗಾರೆ ತೆಳುವಾದ ಗುರುತಿನ ಒಂದೇ ಒಂದು ಅರ್ಧಚಂದ್ರವೂ ಇಲ್ಲ ಎನ್ನುತ್ತಾರೆ. ನಾನು ಏನೂ ಗೊತ್ತಿಲ್ಲದವಳ ಹಾಗೆ ಕೂತು ಒಳಗೊಳಗೇ ಉಬ್ಬುತ್ತೇನೆ.

ನಿನ್ನ
ಗೇಣು


ಜನವರಿ 21

ಗೇಣು,

ಕಾಗದವನ್ನು ನಿಮ್ಮಮ್ಮ ಎರಡು ಸಲ ಗಟ್ಟಿಯಾಗಿ ಓದಿದಳು. ಮೂರನೇ ಸಲ ನಾನೇ ಓದಿಕೊಂಡೆ. ಹುಟ್ಟಿದಾಗ ಗೇಣುದ್ದ ಇದ್ದೆ ಎಂದು ಇಟ್ಟ ಹೆಸರು, ಈಗ ಅದೇ ಗೇಣು ನನ್ನ ಕಾಲುವೆಯನ್ನು ಅಳೆಯಲು ಹೊರಟಿದ್ದಾಳೆ.

ಸುಣ್ಣದ ಲಾರಿಯವನ ಕೈಯಲ್ಲಿ ರಿಜಿಸ್ಟರು ಕಳಿಸಿದ್ದೇನೆ. ನಿನ್ನ ಕಚೇರಿಯವರಿಗೆ ಗೊತ್ತಿಲ್ಲದ ನಾಲ್ಕು ಮಾತು ಹೇಳುತ್ತೇನೆ, ಕೇಳು. ಕಟ್ಟಿದವರು ನೂರು ಹೆಜ್ಜೆಗೆ ಒಂದು ಬೆರಳು ಇಳಿಜಾರು ಕೊಟ್ಟಿದ್ದಾರೆ. ಹೆಚ್ಚಾದರೆ ನೀರು ಓಡಿ ಗಾರೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ನಿಂತು ನಾರುತ್ತದೆ. ಒಳಗೋಡೆಗೆ ಸುಣ್ಣ, ಇಟ್ಟಿಗೆಪುಡಿ ಅರೆದು ಬಳಿದ ಕೆಂಪು ಗಾರೆ. ನೀರನ್ನು ಹಿಡಿದಿಟ್ಟಿರುವುದು ಕಲ್ಲಲ್ಲ, ಆ ಗಾರೆ. ಅದರ ಗೆರೆ ಮೀರಿ ನೀರು ಏರಬಾರದು.

ಆಮೇಲೆ ಹಕ್ಕಳೆ. ಬುಗ್ಗೆಯ ನೀರಿನಲ್ಲಿ ಸುಣ್ಣ ಜಾಸ್ತಿ. ಟೀ ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟುತ್ತದಲ್ಲ, ಹಾಗೆ ಕಾಲುವೆಯ ಗೋಡೆಗೂ ವರ್ಷಕ್ಕೊಂದು ಪದರ ಕಟ್ಟುತ್ತದೆ. ಬಿಟ್ಟರೆ ಕಾಲುವೆಯನ್ನೇ ನುಂಗುತ್ತದೆ. ಅದಕ್ಕೇ ಪ್ರತಿ ನವೆಂಬರಿನಲ್ಲಿ ಮೂರು ದಿನ ನೀರು ನಿಲ್ಲಿಸಿ, ನಾವು ನಾಲ್ವರು ಕಾವಲುಗಾರರು ನಮ್ಮ ನಮ್ಮ ಪಾಲಿಗೆ ಇಳಿದು ಮರದ ಕೊಡತಿಯಿಂದ, ಉಳಿಯಿಂದ ಅದನ್ನು ಎಬ್ಬಿಸುತ್ತೇವೆ. ಹಾರೆ ಮುಟ್ಟುವ ಹಾಗಿಲ್ಲ. ಗಾರೆ ತೆಳ್ಳಗಾದ ಕಡೆ ಮೇಲಿನ ಕಲ್ಲಿಗೆ ಒಂದು ಅರ್ಧಚಂದ್ರ ಕೆತ್ತಿ ರಿಜಿಸ್ಟರಿನಲ್ಲೂ ಬರೆಯುತ್ತೇವೆ, ಮುಂದಿನವನು ಇಲ್ಲಿ ಮೆಲ್ಲಗೆ ಹೊಡೆಯಲಿ ಎಂದು. ವರ್ಷವಿಡೀ ಇಲ್ಲಿ ಬುಗ್ಗೆಯ ತೂಬು ಕಾಯುತ್ತೇನಾದರೂ, ಹಕ್ಕಳೆ ತೆಗೆಯಲು ನನ್ನ ಪಾಲು ಊರಿನ ಬಳಿಯ ಕಮಾನುಗಳು. ಒಬ್ಬನ ಪಾಲಿಗೆ ಇನ್ನೊಬ್ಬ ಇಳಿಯುವುದಿಲ್ಲ. ಇನ್ನೊಬ್ಬರ ಅಡುಗೆಮನೆಗೆ ಹೇಳದೆ ಕೇಳದೆ ನುಗ್ಗಿದ ಹಾಗೆ ಅದು.

ಕುಂಟು ಕುರ್ಚಿಯ ಕಾಲಿಗೆ ಒಂದು ಚಕ್ಕೆ ಕೊಟ್ಟು ಕೂರು. ಬಿದ್ದು ಗಿದ್ದು ಮಾಡಿಕೊಳ್ಳಬೇಡ.

ನಿನ್ನ ಅಪ್ಪ

ನಿಮ್ಮಪ್ಪ ರಿಜಿಸ್ಟರಿಗೆ ಮೂರು ಸುತ್ತು ಗೋಣಿ ಸುತ್ತಿ ನಾಲ್ಕು ಗಂಟು ಹಾಕಿದಾರೆ. ಇಷ್ಟು ಜೋಪಾನ ನೀನು ಹುಟ್ಟಿದ ದಿನ ಇದ್ದಿದ್ರೆ ಆ ಹಳದಿ ಹೊದಿಕೆ ಉಳೀತಿತ್ತು. ತಿಂಗಳುಗಟ್ಟಲೆ ಕೂತು ಹೊಲಿದಿದ್ದೆ. ಅಂಚಿಗೆ ನೀಲಿ ದಾರ ಹಾಕಿಸ್ಕೊಂಡು ಬನ್ನಿ ಅಂತ ಕಳಿಸಿದ್ರೆ ದಾರೀಲಿ ಕಳ್ಕೊಂಡು ಬಂದ ಮನುಷ್ಯ. ನಿನ್ನನ್ನ ಟವೆಲಲ್ಲಿ ಸುತ್ತಿ ಮಲಗಿಸ್ದೆ. ಇದನ್ನ ಅವರು ಓದಲಿ ಅಂತಾನೇ ದೊಡ್ಡದಾಗಿ ಬರೆದಿದೀನಿ. — ಅಮ್ಮ


ಫೆಬ್ರವರಿ 15

ಅಪ್ಪಾ,

ತಲೆ ಕೆಟ್ಟು ಹೋಗಿದೆ. ನೀನೇ ದಾರಿ ತೋರಿಸಬೇಕು.

ನಾಲ್ಕೂ ಪಾಲಿನ ರಿಜಿಸ್ಟರು ಹರಡಿಕೊಂಡು ಬುಗ್ಗೆಯಿಂದ ತೊಟ್ಟಿಯವರೆಗೆ ಎಲ್ಲಿ ನೀರು ಎಷ್ಟು ಎತ್ತರ ನಿಲ್ಲಬೇಕೆಂದು ಲೆಕ್ಕ ಮಾಡಿದೆ. ಆಮೇಲೆ ಚಪ್ಪಡಿಯಲ್ಲಿ ಬಾಯಿ ಇರುವ ಕಡೆಗಳಲ್ಲೆಲ್ಲ ಅಳತೆಕೋಲು ಇಳಿಸಿ ನೋಡಿದೆವು. ಎಲ್ಲ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಹನ್ನೊಂದನೇ ಕಮಾನು ಬಿಟ್ಟು. ಅಲ್ಲಿ ನೀರು ನನ್ನ ಲೆಕ್ಕಕ್ಕಿಂತ ನಾಲ್ಕು ಬೆರಳು ಮೇಲೆ ನಿಂತಿದೆ. ಮುಂದಿನ ಬಾಯಿ ಹದಿನಾರರಲ್ಲಿದೆ, ಅಲ್ಲಿ ಮತ್ತೆ ಸರಿ. ನಡುವೆ ಇರುವುದು ನಿನ್ನ ಪಾಲು, ಅದಂತೂ ಕನ್ನಡಿಯ ಹಾಗೆ ಇದೆ ಎಂದು ರಿಜಿಸ್ಟರೇ ಹೇಳುತ್ತಿದೆ: "ಹನ್ನೆರಡರಿಂದ ಹದಿನಾಲ್ಕು, ಹಕ್ಕಳೆ ತೆಗೆದಿದೆ." ಪ್ರತಿ ವರ್ಷ, ಅದೇ ದುಂಡು ಅಕ್ಷರದಲ್ಲಿ.

ಮೂರು ಸಲ ಅಳೆಸಿದೆ. ಮೂರು ಸಲವೂ ಅಳತೆಗಾರ ಅದೇ ಅಂಕಿ ಹೇಳಿದ. ನನಗೆ ಸಿಟ್ಟು ಬಂತು. "ಕೋಲು ಓರೆ ಹಿಡಿದಿದ್ದೀಯ" ಎಂದೆ. "ಮೇಡಂ, ಹದಿನೆಂಟು ವರ್ಷದಿಂದ ಕೋಲು ಹಿಡೀತಾ ಇದೀನಿ, ನೇರ ಯಾವ್ದು ಓರೆ ಯಾವ್ದು ಗೊತ್ತಾಗಲ್ವಾ ನಂಗೆ?" ಎಂದ. ಎದುರು ಮಾತಾಡಿದನೆಂದು ಬರೆದು ಅವನನ್ನು ಮೀಟರ್ ಉಗ್ರಾಣಕ್ಕೆ ಕಳಿಸಿಬಿಟ್ಟೆ. ಹೊಸಬ ಬಂದು ಅಳೆದ. ನಾಲ್ಕು ಬೆರಳು!

ಕಚೇರಿಯಲ್ಲಿ ನಗುತ್ತಿದ್ದಾರೆ. ಅಪ್ಪನ ಕಾಲುವೆಯನ್ನು ಅಳೆಯಲು ಬಾರದ ಮಗಳು ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಹನ್ನೆರಡರಿಂದ ಹದಿನಾಲ್ಕರ ನಡುವೆ ಏನಾಗಿರಬಹುದು, ಅಪ್ಪಾ? ಬೇರೆ ಯಾರನ್ನೂ ಕೇಳುವ ಹಾಗಿಲ್ಲ.

ಗೇಣು


ಮಾರ್ಚ್ 2

ಗೇಣು,

ಉತ್ತರ ತಡವಾಯಿತು. ಬುಗ್ಗೆಯ ಬಾಯಲ್ಲಿ ಎಲೆ ತುಂಬಿ ಜಾಲರಿ ಕಟ್ಟಿಕೊಂಡಿತ್ತು, ಎರಡು ದಿನ ಅದೇ ಕೆಲಸ. ಮೊಣಕಾಲು ನೋವು. ತೂಬಿನ ಮನೆಯ ಸೂರಿನಲ್ಲಿ ಎರಡು ಹಕ್ಕಿ ಗೂಡು ಕಟ್ಟುತ್ತಿವೆ. ಒಂದು ಕಡ್ಡಿ ತಂದಿಡುತ್ತದೆ, ಇನ್ನೊಂದು ಅದನ್ನು ಕೆಳಕ್ಕೆ ಬೀಳಿಸುತ್ತದೆ. ನಾನೂ ನಿಮ್ಮಮ್ಮನೂ ಮನೆ ಹೂಡಿದ ಹೊಸತರಲ್ಲಿ ಹೀಗೇ ಇತ್ತು.

ನಾಲ್ಕು ಬೆರಳಿನ ವಿಷಯ. ಗಾಳಿಗೆ ನೀರು ಅಲೆಯುತ್ತದೆ, ಬಾಯಿ ತೆಗೆದಾಗ ಅಳತೆ ತಪ್ಪಬಹುದು. ಇನ್ನೊಂದು ಸಲ ನೋಡಿ. ಇಲ್ಲವಾದರೆ ನವೆಂಬರಿನವರೆಗೆ ತಡೆಯಬಹುದಲ್ಲ? ಇಷ್ಟು ಅವಸರ ಏಕೆ ನಿಮ್ಮ ಕಚೇರಿಗೆ?

ಆ ಅಳತೆಗಾರನನ್ನು ಉಗ್ರಾಣದಿಂದ ವಾಪಸ್ ಕರೆಸು. ಹದಿನೆಂಟು ವರ್ಷ ಕೋಲು ಹಿಡಿದವನಿಗೆ ಕಣ್ಣು ಇರುತ್ತದೆ.

ಅಪ್ಪ

ಮೇ ಕೊನೆಗೆ ಇವರ ನಿವೃತ್ತಿ ಅಲ್ವಾ, ಉಳಿದ ಮೂವರು ಕಾವಲುಗಾರರು ಬಂದಿದ್ರು. ಬುಗ್ಗೆ ತೊಟ್ಟಿ ಗೋಡೇಲಿ ಹಳೇ ಕಾವಲುಗಾರರ ಗುರುತೆಲ್ಲ ಕೆತ್ತಿದೆಯಲ್ಲ, ಅಲ್ಲಿ ಇವರದೂ ಕೆತ್ತಬೇಕು, ಯಾವ ಗುರುತು ಹೇಳಿ ಅಂತ ಕೇಳಿದ್ರು. ಖುಷಿ ಪಡೋದು ಬಿಟ್ಟು ಎದ್ದು ಹೊರಗೆ ಹೋದ್ರು. ಊಟಾನೂ ಅರ್ಧಕ್ಕೆ ಬಿಟ್ಟು ಏಳ್ತಾರೆ. ಏನು ಅಂದ್ರೆ ಮೊಣಕಾಲು ಅಂತಾರೆ. ಮೊಣಕಾಲಿಗೂ ಹೊಟ್ಟೆಗೂ ಏನು ಸಂಬಂಧ ನೀನೇ ಕೇಳು. — ಅಮ್ಮ


ಮಾರ್ಚ್ 20

ಅಪ್ಪಾ,

ಕೊನೆಗೂ ದಾರಿ ಆಯಿತು. ಮುಖ್ಯ ಎಂಜಿನಿಯರ್ ಸಾಹೇಬರು ಕಡತ ನೋಡಿ, "ನಾಲ್ಕು ಬೆರಳಿಗೆಲ್ಲ ಹನ್ನೆರಡು ಸಾವಿರ ಮನೇನ ಕಾಯಿಸೋಕಾಗಲ್ಲ. ಆ ಪಾಲಿನ ರಿಜಿಸ್ಟರ್ ಸರಿಯಾಗಿದೆ ಅಂತ ನೀವು ಹೇಳ್ತೀರಾದ್ರೆ ಸಹಿ ಹಾಕಿ, ಮುಂದುವರಿಸೋಣ" ಎಂದರು. ಏಪ್ರಿಲ್ ಐದರೊಳಗೆ ಸಹಿ. ಇಪ್ಪತ್ತಕ್ಕೆ ಬುಗ್ಗೆಯ ತೂಬು ಎತ್ತಿ ಕಾಲು ಭಾಗ ಹೆಚ್ಚು ನೀರು ಬಿಟ್ಟು ನೋಡುತ್ತೇವೆ. ತೂಬು ಎತ್ತುವವನು ನೀನೇ.

ನಿನ್ನೆ ಸಂಜೆ ಹದಿಮೂರನೇ ಕಮಾನಿನ ಕೆಳಗೆ ಹೋಗಿ ನಿಂತಿದ್ದೆ. ಅಲ್ಲಿ ಒಬ್ಬ ದರ್ಜಿಯ ಅಂಗಡಿ. ಹಿಂದೆ ಒಂದು ಪರದೆ, ಅದರ ಹಿಂದೆ ಸಂಸಾರ. ಕಂಬದಲ್ಲಿ ಹಳೇ ಕಾಲದ ಒಂದು ಕಬ್ಬಿಣದ ಬಳೆ ಇದೆ, ಅದಕ್ಕೆ ತೊಟ್ಟಿಲು ಕಟ್ಟಿದ್ದಾರೆ. ಮೇಲೆ ನೋಡಿದೆ. ಒಂದು ಹನಿ ತೇವವಿಲ್ಲ. "ಇಲ್ಲಿ ಯಾವತ್ತಾದ್ರೂ ಸೋರಿದ್ದುಂಟಾ?" ಎಂದು ಕೇಳಿದ್ದಕ್ಕೆ ದರ್ಜಿ, "ಸೋರಿದ್ರೆ ಬಟ್ಟೆ ಅಂಗಡಿ ಇಡ್ತಿದ್ನಾ?" ಎಂದು ನಕ್ಕ.

ಅಳತೆಗಾರನನ್ನು ಇನ್ನೂ ಕರೆಸಿಲ್ಲ. ಕರೆಸಿದರೆ ಅವನದೇ ಸರಿ ಎಂದು ನಾನು ಒಪ್ಪಿದ ಹಾಗಾಗುತ್ತದೆ, ಆಗ ರಿಜಿಸ್ಟರು ತಪ್ಪಾಗುತ್ತದೆ. ಅದು ಸಾಧ್ಯವಿಲ್ಲವಲ್ಲ.

ನೀನು ಉದ್ದುದ್ದ ಬರೆಯುವುದು ಬೇಡ. ರಿಜಿಸ್ಟರು ಸರಿಯಾಗಿದೆ ಎಂದು ಒಂದು ಸಾಲು ಬರೆ. ಅಷ್ಟಿದ್ದರೆ ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ.

ಗೇಣು


ಮಾರ್ಚ್ 26, ತೂಬಿನ ಮನೆ

ಗೇಣು,

ಸಹಿ ಹಾಕಬೇಡ.

ಇದನ್ನು ತೂಬಿನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾನೇ ಅಂಚೆಗೆ ಹಾಕುತ್ತೇನೆ. ನಿಮ್ಮಮ್ಮನಿಗೆ ತೋರಿಸಿಲ್ಲ.

ನೀನು ಹುಟ್ಟಿದ ನವೆಂಬರಿನಲ್ಲಿ ನನಗೆ ಈ ಕೆಲಸಕ್ಕೆ ಬಂದು ಮೂರು ವರ್ಷ. ಹಕ್ಕಳೆ ತೆಗೆಯುವ ಮೂರನೇ ದಿನ. ಸಂಜೆ ನೀರು ಬಿಡಬೇಕು. ಹದಿಮೂರನೇ ಕಮಾನಿನ ಮೇಲೆ ಅರ್ಧ ಕೆಲಸ ಬಾಕಿ ಇತ್ತು. ಮಧ್ಯಾಹ್ನ ಹನ್ನೊಂದನೇ ಕಮಾನಿನ ಚಪ್ಪಡಿಯ ಬಾಯಲ್ಲಿ ಯಾರೋ ಬಗ್ಗಿ, ಮನೆಯಲ್ಲಿ ನೋವು ಶುರುವಾಗಿದೆ, ಬೇಗ ಹೋಗು ಎಂದು ಕೂಗಿದರು. ಕೊಡತಿಯಲ್ಲಿ ಹೊಡೆದರೆ ಇನ್ನೂ ನಾಲ್ಕು ತಾಸು. ನಾನು ಹಾರೆ ತೆಗೆದುಕೊಂಡೆ. ನಾಲ್ಕನೇ ಏಟಿಗೆ ಹಕ್ಕಳೆಯ ಜೊತೆ ಗಾರೆಯೂ ಎದ್ದು ಬಂತು, ಅದರ ಹಿಂದೆ ಕಲ್ಲಿನ ಸಂದು ಬಿಟ್ಟುಕೊಂಡಿತು. ಎರಡು ಬೆರಳು ಅಗಲ, ಒಂದು ಮೊಳ ಉದ್ದ. ಅದರೊಳಗಿಂದ ಬೆಳಕು ಕಾಣುತ್ತಿತ್ತು.

ಹೇಳಬೇಕಾಗಿತ್ತು. ಹೇಳಿದ್ದರೆ ಒಂದು ತಿಂಗಳು ನೀರು ನಿಲ್ಲಿಸಿ ಗಾರೆ ಮಾಡಬೇಕಿತ್ತು, ಇಡೀ ಊರು ಬಾಯಿ ಒಣಗಿಸಿಕೊಂಡು ಕೂರುತ್ತಿತ್ತು. ಹಾರೆ ಮುಟ್ಟಿದವನನ್ನು ಅಂದೇ ಮನೆಗೆ ಕಳಿಸುತ್ತಿದ್ದರು. ನನ್ನ ಚೀಲದಲ್ಲಿ ಒಂದು ಬಟ್ಟೆ ಇತ್ತು. ಸುಣ್ಣದಲ್ಲಿ ಅದ್ದಿ ಸಂದಿಗೆ ತುರುಕಿದೆ, ಮೇಲೆ ಗಾರೆ ಮೆತ್ತಿದೆ, ಸಿಕ್ಕಿದ ಲಾರಿ ಹತ್ತಿ ಮನೆಗೆ ಓಡಿದೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ನೀನು ಅಳುತ್ತಿದ್ದೆ.

ಮರುವರ್ಷ ಏನೇ ಆಗಲಿ ಹೇಳಿಬಿಡುತ್ತೇನೆ ಎಂದುಕೊಂಡೇ ಒಳಗೆ ಇಳಿದೆ. ನೋಡಿದರೆ ಅದರ ಮೇಲೆ ಹೊಸ ಹಕ್ಕಳೆ ಕಟ್ಟಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಂದು ಹನಿ ಸೋರಿರಲಿಲ್ಲ. ಕಿತ್ತರೆ ಗಾಯ ತೆರೆದುಕೊಳ್ಳುತ್ತದೆ. ಬಿಟ್ಟುಬಿಟ್ಟೆ, ಏಟಿನ ಅದುರು ತಾಗೀತೆಂದು ಅದರ ಆಸುಪಾಸನ್ನೂ ಮುಟ್ಟಲಿಲ್ಲ. ರಿಜಿಸ್ಟರಿನಲ್ಲಿ ತೆಗೆದಿದೆ ಎಂದು ಬರೆದೆ. ಅರ್ಧಚಂದ್ರ ಕೆತ್ತಿದರೆ ಏಕೆ ಎಂದು ಕೇಳುತ್ತಾರಲ್ಲ, ಅದನ್ನೂ ಕೆತ್ತಲಿಲ್ಲ. ಹೀಗೆ ಮೂವತ್ತೊಂದು ನವೆಂಬರು. ಈಗ ಅಲ್ಲಿ ಎರಡೂ ಗೋಡೆಗೆ ಐದೈದು ಅಂಗುಲ ಹಕ್ಕಳೆ ಇದೆ. ನಲವತ್ತು ಹೆಜ್ಜೆ ದೂರ ಕಾಲುವೆ ಇಕ್ಕಟ್ಟಾಗಿದೆ. ನಿನ್ನ ನಾಲ್ಕು ಬೆರಳು ಅದೇ. ನಿನ್ನ ಲೆಕ್ಕ ಸರಿ. ಆ ಅಳತೆಗಾರನದೂ ಸರಿ.

ಕಾಲು ಭಾಗ ಹೆಚ್ಚು ನೀರು ಬಿಟ್ಟರೆ ಅಲ್ಲಿ ಗಾರೆಯ ಗೆರೆ ಮೀರುತ್ತದೆ. ಹಕ್ಕಳೆ ಬಿರಿದರೆ ಸಂದು ಬಾಯಿ ಬಿಡುತ್ತದೆ. ಕೆಳಗೆ ತೊಟ್ಟಿಲು ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ.

ನಿನ್ನ ಕಾಗದಕ್ಕೆ ಫೆಬ್ರವರಿಯಲ್ಲೇ ಇದನ್ನು ಬರೆಯಬೇಕಿತ್ತು. ನನಗೆ ಹೆದರಿಕೆಯಾಯಿತು. ಕೆಲಸಕ್ಕಲ್ಲ, ಅದು ಹೇಗೂ ಮುಗಿಯಿತು. ನೀನು ನನ್ನ ಬಗ್ಗೆ ಒಳಗೊಳಗೇ ಉಬ್ಬುತ್ತೇನೆ ಎಂದು ಬರೆದಿದ್ದೆ. ಅದು ಹೋಗುತ್ತದಲ್ಲ ಎಂದು.

ಅಪ್ಪ


ಏಪ್ರಿಲ್ 2

ಅಪ್ಪನಿಗೆ,

ಸಹಿ ಹಾಕಿಲ್ಲ.

ಸೋಮವಾರ ಹನ್ನೆರಡನೇ ತಾರೀಕು ಸಾಹೇಬರ ಮುಂದೆ ವರದಿ ಇಡಬೇಕು. ಇದನ್ನು ಅದರಲ್ಲಿ ಬರೆಯುತ್ತೇನೆ. ಬರೆಯದೆ ಬೇರೆ ಏನಾದರೂ ನೆಪ ಹೇಳಬಹುದಾ ಎಂದು ಎರಡು ದಿನ ಯೋಚಿಸಿದೆ, ಅದನ್ನೂ ನಿನಗೆ ಹೇಳಿಬಿಡುತ್ತೇನೆ.

ನಿನ್ನೆ ಮೀಟರ್ ಉಗ್ರಾಣಕ್ಕೆ ಹೋದೆ. ಅಳತೆಗಾರ ಹಳೇ ಮೀಟರುಗಳ ಧೂಳು ಒರೆಸುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವನು, "ಬಿಡಿ ಮೇಡಂ, ಅಪ್ಪನ ಬರಹ ಅಲ್ವಾ, ನಾನಾದ್ರೂ ಅದನ್ನೇ ನಂಬ್ತಿದ್ದೆ" ಎಂದ. ನಾಲ್ಕು ಬೈಗುಳ ಬೈದಿದ್ದರೆ ವಾಸಿಯಿತ್ತು.

ರಿಜಿಸ್ಟರುಗಳನ್ನು ಅದೇ ಲಾರಿಯಲ್ಲಿ ವಾಪಸ್ ಕಳಿಸಿದ್ದೇನೆ. ನನ್ನ ಮೇಜಿನ ಮೇಲೆ ಅವನ್ನು ನೋಡಲಾರೆ. ನನ್ನ ಪ್ರತಿ ಹುಟ್ಟಿದ ಹಬ್ಬದ ದಿನ ನೀನು ಕಾಲುವೆಯೊಳಗೆ ಇರುತ್ತಿದ್ದೆ. ಸಂಜೆ ಬಂದು, ಕೈ ತೊಳೆದು, ರಿಜಿಸ್ಟರು ಬರೆದು, ಆಮೇಲೆ ನನ್ನನ್ನು ಎತ್ತಿಕೊಳ್ಳುತ್ತಿದ್ದೆ. ಆ ಸಾಲು ಬರೆಯುವಾಗ ನಾನು ಪಕ್ಕದಲ್ಲೇ ನಿಂತು ನಿನ್ನ ಅಕ್ಷರ ನೋಡುತ್ತಿದ್ದೆ.

ಮಗಳು


ಏಪ್ರಿಲ್ 8

ಗೇಣು,

ಲಾರಿ ಬಂತು. ನನ್ನ ಹಳೇ ಗಂಟು ಬಿಚ್ಚಿ ನೀನು ಹಾಕಿದ ಹೊಸ ಗಂಟು ನೋಡಿದೆ. ಬಹಳ ಬಿಗಿಯಾಗಿತ್ತು.

ಎರಡು ದಿನ ಕೂತು ಎಲ್ಲವನ್ನೂ ತಿದ್ದಿದ್ದೇನೆ. ಒಂದನ್ನೂ ಹೊಡೆದು ಹಾಕಿಲ್ಲ. ಹಳೇ ಸಾಲು ಹಾಗೇ ಇದೆ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ತೆಗೆದಿಲ್ಲ" ಎಂದು ಬರೆದು ಸಹಿ ಹಾಕಿದ್ದೇನೆ. ಮೂವತ್ತೊಂದು ಸಲ. ನೀನು ಹುಟ್ಟಿದ ವರ್ಷದ ಸಾಲಿನ ಪಕ್ಕ ಹಾರೆ, ಸಂದು ಎಲ್ಲ ಬರೆದಿದ್ದೇನೆ. ಮೊದಲ ಹತ್ತು ಬರೆಯುವಾಗ ಪ್ರತಿ ಸಲ ಪೆನ್ನು ಕೆಳಗಿಟ್ಟು ಎದ್ದೆ. ಆಮೇಲೆ ಅಭ್ಯಾಸವಾಯಿತು. ಸುಳ್ಳು ಬರೆಯುವಾಗಲೂ ಹೀಗೇ ಆಗಿತ್ತು.

ಮುಖ್ಯ ಎಂಜಿನಿಯರರಿಗೆ ನಾನೇ ಕಾಗದ ಬರೆದು ರಿಜಿಸ್ಟರಿನ ಜೊತೆ ಇಟ್ಟಿದ್ದೇನೆ. ನಿನ್ನ ವರದಿಗೆ ಮುಂಚೆ ಅದನ್ನು ಅವರಿಗೆ ಕೊಡು. ಅಪ್ಪನ ಮೇಲೆ ಮಗಳು ದೂರು ಬರೆದಳು ಎಂದು ಆಗುವುದು ಬೇಡ, ಕಾವಲುಗಾರ ತನ್ನ ತಪ್ಪು ತಾನೇ ಹೇಳಿದ ಎಂದಾಗಲಿ. ನಿನಗೋಸ್ಕರ ಇಷ್ಟಾದರೂ ಮಾಡಲು ಬಿಡು.

ಉಳಿದ ಮೂವರನ್ನೂ ಕರೆದು ಹೇಳಿದೆ. ಬುಗ್ಗೆಯ ಗೋಡೆಗೆ ನನ್ನ ಗುರುತು ಬೇಡ ಎಂದೆ. ಯಾರೂ ಬಲವಂತ ಮಾಡಲಿಲ್ಲ.

ಅಪ್ಪ

ನಂಗೂ ಹೇಳಿದ್ರು. ಹೇಳಿ ಒಲೆ ಮುಂದೆ ಕೂತ್ಕೊಂಡ್ರು. ನಾನು ಟೀ ಕೊಟ್ಟೆ. ಅಂಥಾ ಹೊತ್ತಲ್ಲಿ ಏನು ಬೈಯೋದು ಅಂತ ಗೊತ್ತಾಗ್ಲಿಲ್ಲ, ಮೊದಲನೇ ಸಲ. ನೀನು "ಮಗಳು" ಅಂತ ಸಹಿ ಹಾಕಿದ್ದನ್ನ ದಿನಾ ತೆಗೆದು ನೋಡ್ತಾರೆ. ನಂಗೇನೂ ಹೇಳೋಕಿಲ್ಲ, ಕಾಣಿಸಿದ್ದು ಬರೆದೆ. — ಅಮ್ಮ


ಏಪ್ರಿಲ್ 16

ಅಪ್ಪಾ,

ನಿನ್ನ ಕಾಗದವನ್ನು ಸಾಹೇಬರು ಎಲ್ಲರ ಮುಂದೆ ಓದಲು ಹೇಳಿದರು. ಓದಿದೆ. ಹಾರೆಯ ಜಾಗಕ್ಕೆ ಬಂದಾಗ ಕಾಗದ ಕೆಳಗಿಟ್ಟು, ನೀರು ಕುಡಿದು ಮುಂದುವರಿಸಿದೆ. ನಿನ್ನ ಕಾಲುವೆಯ ನೀರೇ.

ಸಾಹೇಬರು ಕೆಂಪು ಶಾಯಿಯ ಪುಟಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಇನ್ನೂ ಯಾವ ಪಾಲಿನಲ್ಲಿ ಏನೇನಿದೆಯೋ ಎಂದು ಕೂಗಾಡಿದರು. ನಿನ್ನ ಸೇವಾ ಪುಸ್ತಕದಲ್ಲಿ ತಪ್ಪು ಎಂದು ದಾಖಲಾಗುತ್ತದೆ. ಅದನ್ನು ತಪ್ಪಿಸಲು ನಾನು ಪ್ರಯತ್ನಿಸಲಿಲ್ಲ. ಮೇ ಹತ್ತರಿಂದ ಇಪ್ಪತ್ತೈದು ದಿನ ನೀರು ನಿಲ್ಲಿಸಿ ಆ ನಲವತ್ತು ಹೆಜ್ಜೆಗೆ ಹೊಸ ಗಾರೆ. ಊರಿಗೆ ಅಷ್ಟು ದಿನ ಕೆರೆಯಿಂದ ಟ್ಯಾಂಕರ್. ಗಾರೆ ಬಲಿತ ಮೇಲಷ್ಟೇ ಹೆಚ್ಚು ನೀರು, ಬಡಾವಣೆಗೆ ಆಗಸ್ಟ್ ಒಂದಕ್ಕೆ. ಎರಡು ತಿಂಗಳು ತಡ. ಬಡಾವಣೆಯವರು ನನಗೆ ಹಾಕಿದ ಹಿಡಿಶಾಪದಲ್ಲಿ ನಿನ್ನ ಪಾಲೂ ಇದೆ.

ಅಳತೆಗಾರ ವಾಪಸ್ ಬಂದಿದ್ದಾನೆ. ಒಳಗೆ ಇಳಿಯುವಾಗ ಕೋಲು ಅವನದೇ.

ನೀನೂ ಬರಬೇಕು. ಹಾರೆ ಬಿದ್ದ ಜಾಗ ನಿನಗೊಬ್ಬನಿಗೇ ಗೊತ್ತು. ಒಬ್ಬನ ಪಾಲಿಗೆ ಇನ್ನೊಬ್ಬ ಇಳಿಯುವುದಿಲ್ಲ ಎಂದು ನೀನೇ ಹೇಳಿದ್ದೆ, ಅದಕ್ಕೆ ನಾವೂ ಕೇಳಿಕೊಂಡೇ ಇಳಿಯುತ್ತೇವೆ. ನನ್ನ ಕೋಣೆಯಲ್ಲಿ ಉಳಿದುಕೋ, ಚಾಪೆ ಇದೆ. ಸಿಟ್ಟು ಹೋಗಿಲ್ಲ. ಆದರೂ ನೀನು ಬೇರೆ ಎಲ್ಲಾದರೂ ಉಳಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಗೇಣು


ಮೇ 17

ಅಮ್ಮಾ,

ಇದು ನಿನಗೊಬ್ಬಳಿಗೇ. ಅಪ್ಪ ಇಲ್ಲೇ ಚಾಪೆಯ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ. ಇಷ್ಟು ಗೊರಕೆಯ ಪಕ್ಕ ನೀನು ಹೇಗೆ ಬದುಕಿದೆಯೋ.

ನಿನ್ನೆ ಹದಿಮೂರನೇ ಕಮಾನಿನ ಮೇಲಿನ ಜಾಗ ಮುಟ್ಟಿದೆವು. ಒಳಗೆ ನೆಟ್ಟಗೆ ನಿಲ್ಲಲಾಗುವುದಿಲ್ಲ, ಬಗ್ಗಿಯೇ ನಡೆಯಬೇಕು. ಎರಡೂ ಭುಜ ಹಕ್ಕಳೆಗೆ ತಾಗುತ್ತಿದ್ದವು. ಲಾಟೀನು ಹಿಡಿದು ಅಳತೆಗಾರ ಮುಂದೆ, ಅವನ ಹಿಂದೆ ಅಪ್ಪ, ಆಮೇಲೆ ನಾನು. ಕೊಡತಿ, ಉಳಿ ಎರಡನ್ನೂ ಅಪ್ಪ ಯಾರಿಗೂ ಕೊಡಲಿಲ್ಲ. ಮೆಲ್ಲಗೆ, ಅಂದರೆ ಎಷ್ಟು ಮೆಲ್ಲಗೆ ಎಂದರೆ, ಒಂದು ಅಂಗೈ ಅಗಲದ ಹಕ್ಕಳೆ ಎಬ್ಬಿಸಲು ಅರ್ಧ ಗಂಟೆ. ಎದ್ದ ತುಂಡನ್ನು ಲಾಟೀನಿಗೆ ಹಿಡಿದರೆ ಪದರ ಪದರ ಕಾಣುತ್ತಿತ್ತು, ಬಿಳಿ, ಕಂದು, ಬಿಳಿ, ಕಂದು. ನಾನು ಎಣಿಸಿದೆ. ಮೂವತ್ತೊಂದು, ಮೇಲೆ ಈ ವರ್ಷದ ಅರ್ಧ. ನನ್ನ ವಯಸ್ಸನ್ನು ಯಾರೋ ಕಲ್ಲಿನಲ್ಲಿ ಬರೆದಿಟ್ಟಂತಿತ್ತು.

ಅದರ ಕೆಳಗೆ ಅಪ್ಪ ಅವಸರದಲ್ಲಿ ಮೆತ್ತಿದ ಗಾರೆ. ಬೆರಳಿನ ಗುರುತು ಹಾಗೇ ಇತ್ತು. ಅದೂ ಎದ್ದು ಬಂತು. ಸಂದಿನಲ್ಲಿ ತುರುಕಿದ ಬಟ್ಟೆ ಸುಣ್ಣ ಕುಡಿದು ಕಲ್ಲಾಗಿತ್ತು. ನಾನು ಉಳಿಯ ತುದಿಯಿಂದ ಬಿಡಿಸಿದೆ. ಹೊರಗೆಲ್ಲ ಬೂದಿ ಬಣ್ಣ. ಒಳಮಡಿಕೆ ಬಿಚ್ಚಿದರೆ ಹಳದಿ. ಒಂದು ಅಂಚಿಗೆ ನೀಲಿ ದಾರದ ಹೊಲಿಗೆ.

ಅಮ್ಮಾ, ಅದು ದಾರಿಯಲ್ಲಿ ಕಳೆದಿರಲಿಲ್ಲ.

ಅಪ್ಪ ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು. "ಚೀಲದಲ್ಲಿ ಅದೊಂದೇ ಬಟ್ಟೆ ಇದ್ದದ್ದು. ಮನೆಗೆ ಹೋದ ತಕ್ಷಣ ನಿಮ್ಮಮ್ಮ, ಹೊದಿಕೆ ಎಲ್ರೀ ಅಂದಳು. ಕಳೆದುಹೋಯ್ತು ಅಂದೆ. ಅದೇ ಮೊದಲನೇ ಸುಳ್ಳು. ರಿಜಿಸ್ಟರಿನದು ಆಮೇಲೆ" ಎಂದರು. ಅಳತೆಗಾರ ಲಾಟೀನನ್ನು ಕೆಳಗಿಟ್ಟು, ಏನೋ ಅಳೆಯುವವನ ಹಾಗೆ ಆ ಕಡೆ ತಿರುಗಿ ನಿಂತ. ನಾನು ಅಪ್ಪನ ಪಕ್ಕ ಕೂತೆ. ಅವರು ಅಳುತ್ತಿದ್ದರು. ನಾನೂ ಅತ್ತೆ. ಸಿಟ್ಟು ಹೋಯಿತಾ ಎಂದರೆ ಗೊತ್ತಿಲ್ಲ, ಆದರೆ ಆಗ ನೆನಪಿರಲಿಲ್ಲ.

ಇದರ ಜೊತೆ ಆ ಬಟ್ಟೆಯ ಒಂದು ತುಂಡು ಕಳಿಸುತ್ತಿದ್ದೇನೆ. ಇದನ್ನು ನಿನಗೆ ಹೇಗೆ ಹೇಳಬೇಕೋ ಅವರಿಗೆ ತೋಚುತ್ತಿಲ್ಲ, ಅದಕ್ಕೇ ನಾನು ಬರೆದೆ. ತುಂಬಾ ಬೈಯಬೇಡ.

ಗೇಣು


ಆಗಸ್ಟ್ 3

ಗೇಣು,

ಮೊನ್ನೆ ಬೆಳಿಗ್ಗೆ ಆರಕ್ಕೆ ತೂಬು ಎತ್ತಿದೆ. ನಿವೃತ್ತನಾದವನು ತೂಬು ಮುಟ್ಟುವ ಹಾಗಿಲ್ಲ. ಹೊಸ ಕಾವಲುಗಾರ ಬೇಕೆಂದೇ ಟೀ ಕುಡಿಯಲು ಹೋದ. ಸಂಜೆ ನಾಲ್ಕಕ್ಕೆ ನಿನ್ನ ಊರು ಮುಟ್ಟಬೇಕು ಎಂದು ಲೆಕ್ಕ ಹಾಕಿ ನಾಲ್ಕರವರೆಗೆ ಬುಗ್ಗೆಯ ಕಟ್ಟೆ ಬಿಟ್ಟು ಏಳಲಿಲ್ಲ. ನಾಲ್ಕೂಕಾಲಿಗೆ ನೀನು ಫೋನು ಮಾಡಿದೆಯಂತೆ. ಹೊಸಬ ಓಡಿ ಬಂದು ನನ್ನ ಕಿವಿಯ ಹತ್ತಿರ ಕೂಗಿದ: ಗುಡ್ಡದ ಬಡಾವಣೆಗೆ ನೀರು ಏರಿತು, ಹನ್ನೊಂದನೇ ಕಮಾನಿನಲ್ಲಿ ಲೆಕ್ಕಕ್ಕೂ ಅಳತೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಹದಿಮೂರರ ಕೆಳಗೆ ದರ್ಜಿಯ ಅಂಗಡಿ ಒಣಗಿಕೊಂಡೇ ಇದೆ ಎಂದು.

ಇನ್ನೊಂದು ವಿಷಯ ನಿನಗೆ ಹೇಳಿಲ್ಲ. ಹೊಸ ಗಾರೆ ಒಣಗಿದ ಮೇಲೆ, ಚಪ್ಪಡಿ ಮುಚ್ಚುವ ದಿನ, ಉಳಿದ ಮೂವರು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಮೂವರೂ ನನ್ನ ಪಾಲಿಗೆ ಇಳಿದದ್ದು ಅದೇ ಮೊದಲು. ಹಿರಿಯವನು ಉಳಿಯನ್ನು ನನ್ನ ಕೈಗೆ ಕೊಟ್ಟ. "ಬುಗ್ಗೆ ಗೋಡೆಗೆ ಬೇಡ ಅಂದ್ರಲ್ಲ. ಇಲ್ಲಾದ್ರೂ ಕೆತ್ತಿ" ಎಂದ. ಸಂದು ಇದ್ದ ಜಾಗದ ಮೇಲಿನ ಕಲ್ಲಿಗೆ ಒಂದು ಅರ್ಧಚಂದ್ರ ಕೆತ್ತಿದೆ. ಮೂವತ್ತೊಂದು ವರ್ಷ ತಡವಾಗಿ. ಹೆಸರಿಲ್ಲ, ವರ್ಷವಿಲ್ಲ. ವರ್ಷಕ್ಕೊಮ್ಮೆ ಇಳಿಯುವವನು ಬಿಟ್ಟರೆ ಯಾರಿಗೂ ಕಾಣುವುದಿಲ್ಲ. ಅವನು ಅದನ್ನು ನೋಡಿ ಅಲ್ಲಿ ಮೆಲ್ಲಗೆ ಹೊಡೆಯುತ್ತಾನೆ, ಅಷ್ಟು ಸಾಕು.

ಈ ನವೆಂಬರಿನಲ್ಲಿ ನಿನ್ನ ಹುಟ್ಟಿದ ಹಬ್ಬಕ್ಕೆ ನಾನು ಬೆಳಿಗ್ಗೆಯಿಂದಲೇ ಬಿಡುವಾಗಿರುತ್ತೇನೆ. ಬಾ.

ನಿನ್ನ ಅಪ್ಪ

ನೀನು ಕಳಿಸಿದ ತುಂಡನ್ನ ಮೂರು ನೀರಲ್ಲಿ ನೆನೆಸಿ ನೋಡ್ದೆ, ಸುಣ್ಣ ಬಿಡಲಿಲ್ಲ. ನೀಲಿ ದಾರ ಮಾತ್ರ ಒಂದೂ ಬಿಚ್ಚಿಲ್ಲ. ನಿಮ್ಮಪ್ಪ ಮನೆಗೆ ಬಂದ ದಿನ ಅದನ್ನ ಊಟದ ತಟ್ಟೆ ಪಕ್ಕ ಇಟ್ಟೆ. ತಲೆ ಎತ್ತಲೇ ಇಲ್ಲ. "ಊರಿಗೆಲ್ಲ ಮಗಳ ಹೊದಿಕೆ ಹೊದೆಸಿ ಬಂದ್ರಲ್ಲ, ನಂಗೊಂದು ಮಾತು ಹೇಳಿದ್ರೆ ಇನ್ನೊಂದು ಹೊಲೀತಿದ್ನಲ್ಲ" ಅಂದೆ. ಆಮೇಲೆ ಇಬ್ರೂ ಊಟ ಮಾಡಿದ್ವಿ, ಪೂರ್ತಿ. ಹೊದಿಕೆ ಕಳ್ಕೊಂಡ ಮನುಷ್ಯ ಅಂತ ಇನ್ನು ಬೈಯೋ ಹಾಗಿಲ್ಲ. ಬೇರೆ ಏನಾದ್ರೂ ಹುಡುಕಬೇಕು. — ಅಮ್ಮ